ಮಂಚದ ಕಾಲಿನ ಎರಡನೇ ದನಿ

ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದಾಗ ಅಲ್ಲಿ ಯಾರಾದರೂ ಮಾತಾಡುತ್ತಿರುತ್ತಾರೆ. ಆ ಮಾತು ಅರಗಿನಲ್ಲೇ ಉಳಿದಿದ್ದರೆ?

ಧರಣೇಂದ್ರನ ಸಂಶೋಧನಾ ಅರ್ಜಿ ಶುರುವಾಗುತ್ತಿದ್ದದ್ದು ಹೀಗೆ. ಉಳಿದ ಹನ್ನೆರಡು ಪುಟ ಗಣಿತ. ಅವನು ಭೌತಶಾಸ್ತ್ರದವನು, ನಾನು ಭಾಷಾವಿಜ್ಞಾನದವಳು. ನಮ್ಮ ವಿಶ್ವವಿದ್ಯಾಲಯದಲ್ಲಿ ಆಗಷ್ಟೇ ಜೋಡಿ ಪಿಎಚ್.ಡಿ. ಬಂದಿತ್ತು. ವಿಜ್ಞಾನದ ಒಬ್ಬರು, ಮಾನವಿಕ ವಿಭಾಗದ ಒಬ್ಬರು, ಒಂದೇ ಪ್ರಬಂಧ, ಒಂದೇ ವೈವಾ. ಯಾರಿಗೆ ಯಾರು ಎಂಬುದನ್ನು ಕಚೇರಿಯವರೇ ಗೊತ್ತುಮಾಡುತ್ತಿದ್ದರು. ಜಾತಕ ನೋಡದೆ ಮಾಡಿದ ಜೋಡಿ ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು. ಎರಡನೇ ವರ್ಷ ನಾವು ಮದುವೆಯಾದೆವು. ನಾಲ್ಕನೇ ವರ್ಷ, ಪ್ರಬಂಧ ಸಲ್ಲಿಸಿ ಹತ್ತೊಂಬತ್ತು ದಿನವಾದ ಮೇಲೆ, ಅವನಿಗೆ ಜ್ವರ ಬಂತು. ಆರನೇ ದಿನ ತೀರಿಕೊಂಡ.

ಅವನು ಕಟ್ಟಿದ ಯಂತ್ರಕ್ಕೆ ಅರಗುಗಿವಿ ಎಂದು ಹೆಸರಿಟ್ಟಿದ್ದ. ಅದರ ಕೆಲಸ ಇಷ್ಟು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಾಕುವಾಗ, ತಿರುಗುವ ಮರಕ್ಕೆ ಉಜ್ಜಿದ ಬಿಸಿಗೆ ಬಣ್ಣದ ಅರಗು ಕರಗಿ, ಕೂದಲೆಳೆಯಷ್ಟು ಸಣ್ಣ ಗೆರೆಯಾಗಿ ಮರಕ್ಕೆ ಸುತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಆಡಿದ ಮಾತಿಗೆ ಕಡ್ಡಿ ಅದುರುತ್ತದೆ, ಗೆರೆಯೂ ಅದುರುತ್ತದೆ, ಮರುಕ್ಷಣವೇ ಆರಿ ಗಟ್ಟಿಯಾಗುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟರೂ ಅಳಿಸಿಹೋಗುವುದು ಮೇಲಿನ ಪದರ ಮಾತ್ರ. ಅರಗುಗಿವಿ ಬೆಳಕು ಹಾಯಿಸಿ ಒಳಗಿನ ಗೆರೆಯನ್ನು ಓದುತ್ತದೆ, ಓದಿದ್ದನ್ನು ಸದ್ದಾಗಿ ಕೇಳಿಸುತ್ತದೆ. ಪರೀಕ್ಷೆಗೆಂದು ಅವನು ತನ್ನ ದನಿಯಲ್ಲೇ ಹನ್ನೊಂದು ಬುಗುರಿ ಮಾಡಿಸಿದ್ದ. ಒಂದರಿಂದ ಐವತ್ತರವರೆಗೆ ಎಣಿಸಿದ್ದಾನೆ. ಅವು ಪ್ರಯೋಗಾಲಯದ ಕಪಾಟಿನಲ್ಲಿವೆ. ಅವನು ಹೋದ ಮೇಲೆ ನಾನು ಓದಿಸಿಲ್ಲ.

ನಮ್ಮ ಪ್ರಬಂಧಕ್ಕೆ ಹೆಸರು ತಂದದ್ದು ಒಂದು ಮಂಚದ ನಾಲ್ಕು ಕಾಲು. ವಿಭಾಗದ ವಸ್ತುಸಂಗ್ರಹದಲ್ಲಿ ಬಿದ್ದಿದ್ದವು, ಚನ್ನಪಟ್ಟಣದ ಕೆಲಸ, ತೊಂಬತ್ತು ವರ್ಷ ಹಳೆಯವು. ಮೂರು ಕಾಲುಗಳಲ್ಲಿ ಬರೀ ಕೆಮ್ಮು, ಹಕ್ಕಿ, ಗಾಡಿ. ನಾಲ್ಕನೆಯದರಲ್ಲಿ ಮಾತಿತ್ತು, ಅದೂ ಇಬ್ಬರದು. ಒಬ್ಬ ಕನ್ನಡದಲ್ಲಿ ಆಡುತ್ತಾನೆ, ಇನ್ನೊಬ್ಬ ಯಾರೂ ಕೇಳಿರದ ನುಡಿಯಲ್ಲಿ ಉತ್ತರ ಕೊಡುತ್ತಾನೆ.

"ಈ ಕಾಲು."

"ಉತ್ಯಾ ಅಡ್ಡಿಗ್."

"ಯಾರಿಗೂ."

"ಅಲ್ಲಗಾತ್ತೊಗ್."

"ಬಿಡು."

"ಉಕಾಸ್."

ಕಾಲಿನ ಉದ್ದಕ್ಕೂ ಇಂಥ ಮಾತುಕತೆ. ನಲವತ್ತೊಂದು ಹೊಸ ಪದ ಸಿಕ್ಕವು. ಅವುಗಳ ವ್ಯಾಕರಣ ಬರೆದವಳು ನಾನು. ಕನ್ನಡದ ಪದ ಸ್ವರದಲ್ಲಿ ಮುಗಿಯುತ್ತದೆ, ಈ ನುಡಿಯ ಪದ ಸ್ವರದಲ್ಲಿ ಆರಂಭವಾಗಿ ವ್ಯಂಜನದಲ್ಲಿ ಮುಗಿಯುತ್ತದೆ, ಕನ್ನಡಕ್ಕೆ ಕನ್ನಡಿ ಹಿಡಿದ ಹಾಗೆ ಎಂದು ಬರೆದೆ. 'ಉಕಾಸ್' ಎಂಬುದು ಒಪ್ಪಿಗೆ ಸೂಚಿಸುವ ಪದವಿರಬೇಕು ಎಂದೂ ಬರೆದೆ. ಇಬ್ಬರ ದನಿಯ ಎತ್ತರವೂ ಒಂದೇ ಇತ್ತು. ಧರಣಿ ಅದನ್ನು ಯಂತ್ರದ ಮಿತಿ ಎಂದು ಅಡಿಟಿಪ್ಪಣಿಗೆ ಹಾಕಿದ. ಪತ್ರಿಕೆಗಳು 'ಮಂಚದ ಕಾಲಿನ ನುಡಿ' ಎಂದು ಬರೆದವು. ಕ್ಯಾಂಟೀನಿನಲ್ಲಿ ನಮ್ಮನ್ನು ಮಂಚದ ಕಾಲಿನವರು ಎಂದು ಕರೆದರು. ಧರಣಿಗೆ ಆ ಇಬ್ಬರು ಬಹಳ ಇಷ್ಟ. "ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ, ಆದ್ರೂ ಜಗಳ ಇಲ್ಲ ನೋಡು" ಎನ್ನುತ್ತಿದ್ದ.

ಜೋಡಿ ಪಿಎಚ್.ಡಿ.ಗೆ ಒಂದು ನಿಯಮವಿದೆ. ಇಬ್ಬರಲ್ಲಿ ಒಬ್ಬರು ಸತ್ತರೆ ಉಳಿದ ಅಭ್ಯರ್ಥಿ ಇಬ್ಬರ ಪರವಾಗಿಯೂ ವೈವಾ ಕೊಡಬಹುದು, ಪದವಿ ಇಬ್ಬರಿಗೂ ಸಿಗುತ್ತದೆ. ಆದರೆ ಸಲ್ಲಿಸಿದ ಪ್ರಬಂಧದ ಫಲಿತಾಂಶವನ್ನು ಬದಲಿಸುವಂತಿಲ್ಲ. ಬದಲಿಸಿದರೆ ಪ್ರಬಂಧ ಉಳಿದ ಅಭ್ಯರ್ಥಿಯದು ಮಾತ್ರ. ಇನ್ನೊಬ್ಬರ ಹೆಸರು ಹೋಗುತ್ತದೆ.

ಅದನ್ನು ಓದಿದಾಗ ನನಗೆ ಏನೂ ಅನ್ನಿಸಲಿಲ್ಲ. ಆಗ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ. ತಟ್ಟೆಗೆ ಹಾಕಿದ್ದನ್ನು ತಿನ್ನುತ್ತಿದ್ದೆ. ಹಾಕುತ್ತಿದ್ದವರು ಅತ್ತೆ.

ಅತ್ತೆ, ರತ್ನಾವತಿ, ಹಾಸನದ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರು. ಧರಣಿ ಓದಿದ್ದೂ ಅಲ್ಲೇ. ಅವನು ಹೋದ ಮೇಲೆ ಬಂದು ನನ್ನ ಕ್ವಾರ್ಟರ್ಸಿನಲ್ಲೇ ಉಳಿದುಕೊಂಡರು. ಆ ಶಾಲೆಯ ಹಜಾರದಲ್ಲಿ ಡಾಕ್ಟರೇಟ್ ಪಡೆದ ಹಳೆಯ ವಿದ್ಯಾರ್ಥಿಗಳ ಹಲಗೆಯಿದೆ. ಮೂರು ಹೆಸರುಗಳಿವೆ.

"ನಾಲ್ಕನೇ ಸಾಲು ಖಾಲಿ ಇಟ್ಟಿದಾರೆ. ಪೇಂಟರಿಗೆ ಹೇಳಿಟ್ಟಿದೀನಿ" ಎಂದರು ಅತ್ತೆ ಒಂದು ಬೆಳಿಗ್ಗೆ, ಉಪ್ಪಿಟ್ಟು ಬಡಿಸುತ್ತಾ. "ಧರಣೇಂದ್ರ ಅಂತ ಬರೆಯುವಾಗ ರವೊತ್ತಿನ ಬದಲು ಅರ್ಕಾವೊತ್ತು ಕೊಟ್ಟು ಹಾಳು ಮಾಡ್ತಾನೆ ಆ ಮನುಷ್ಯ. ಚೀಟೀಲಿ ಬರೆದು ಕೊಟ್ಟಿದೀನಿ."

"ವೈವಾ ಆಗ್ಲಿ ಅತ್ತೆ."

"ಆಗದೆ ಏನು. ನೀನು ಇನ್ನೊಂದು ಸೌಟು ಹಾಕ್ಕೋ."

ಹಾಕಿಕೊಂಡೆ.

ವೈವಾಗೆ ಹತ್ತು ದಿನ ಇರುವಾಗ ನಮ್ಮ ಗೈಡ್ ಪ್ರೊಫೆಸರ್ ಹೊಂಬಾಳೇಗೌಡರು ಕರೆಸಿದರು. ಹೊರಗಿನ ಪರೀಕ್ಷಕರು ವರದಿ ಕಳಿಸಿದ್ದರು, ತುಂಬ ಮೆಚ್ಚಿದ್ದರು. ಒಂದೇ ಕೋರಿಕೆ: ಹಳೆಯ ಬಿಲ್ಲಿನ ಲೇತಿನ ಒಂದು ಫೋಟೋ ಎರಡನೇ ಅಧ್ಯಾಯಕ್ಕೆ ಬೇಕು.

"ಹೋಗಿ ತಕ್ಕೊಂಡ್ಬಾಮ್ಮ. ಗಾಳಿ ಬದಲಾದ ಹಾಗೂ ಆಗುತ್ತೆ" ಎಂದರು.

ನಾವು ಬಿಲ್ಲಿನ ಲೇತನ್ನು ಕಣ್ಣಾರೆ ನೋಡಿರಲಿಲ್ಲ. ಈಗ ಚನ್ನಪಟ್ಟಣದಲ್ಲೆಲ್ಲ ಮೋಟಾರು, ಮರ ಒಂದೇ ಕಡೆ ತಿರುಗುತ್ತದೆ. ಹಿಂದೆ ಹಗ್ಗ ಸುತ್ತಿದ ಬಿಲ್ಲನ್ನು ಎಳೆದು ತಳ್ಳಿ ತಿರುಗಿಸುತ್ತಿದ್ದರು ಎಂಬುದು ಗೊತ್ತಿತ್ತು. ಎಳೆದಾಗ ಒಂದು ಕಡೆ, ತಳ್ಳಿದಾಗ ಇನ್ನೊಂದು ಕಡೆ ತಿರುಗುತ್ತದೆ. ವಾಪಸು ತಿರುಗುವಾಗ ಕುಶಲಕರ್ಮಿ ಕೈ ಎತ್ತುತ್ತಾನೆ ಎಂದು ಒಂದು ಹಳೆಯ ಪುಸ್ತಕದಲ್ಲಿ ಓದಿದ್ದೆವು. ಪ್ರಬಂಧದಲ್ಲಿ ಹಾಗೆಯೇ ಬರೆದಿದ್ದೆವು.

ಬಿಲ್ಲು ಇನ್ನೂ ಇಟ್ಟುಕೊಂಡಿದ್ದವರು ಜೈಬುನ್ನೀಸಾ ಎಂಬ ಎಪ್ಪತ್ತರ ಹೆಂಗಸು. ಅಂಗಡಿಯಲ್ಲಿ ಅವರ ಸೊಸೆ, ಇಬ್ಬರು ಕೆಲಸಗಾರರು ಮೋಟಾರಿನ ಮುಂದೆ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಗೋಡೆಯ ಮೇಲೆ 'ಅರಗು ಹಾಕುವಾಗ ಮೌನ' ಎಂದು ಬರೆದಿತ್ತು.

"ಮಾತು ಹಿಡಿಯೋ ಮಿಷಿನ್ನೋರಾ ನೀವು?" ಎಂದರು ಜೈಬುನ್ನೀಸಾ.

"ಹೌದಮ್ಮ."

"ಒಳ್ಳೆ ಕೆಲಸ ಮಾಡಿದ್ರಿ. ಹೋದ ವರ್ಷ ಯಾರೋ ಬುಗುರಿ ಓದಿಸಿ, ಒಳಗೆ ಬೈಗುಳ ಐತೆ ಅಂತ ಇನ್ನೂರು ಬುಗುರಿ ವಾಪಸ್ ಕಳಿಸಿದ್ರು. ನಮ್ಮ ಹುಡುಗರು ಬೈದದ್ದು ಅವರಿಗಲ್ಲ, ಕರೆಂಟಿಗೆ. ಆವತ್ತಿಂದ ಎಲ್ಲಾ ಮೂಗರ ಹಂಗೆ ಕೂತವ್ರೆ."

ಸೊಸೆ ತಲೆ ಎತ್ತದೆ ನಕ್ಕಳು. "ಈಗ ಗಿಲಕೀಲಿ ಜೋಗುಳ ಹಾಕಿ ಕೊಡಿ ಅಂತಾನೂ ಬರ್ತಾರೆ. ಅತ್ತೆ ಹಾಡ್ತಾರೆ. ಮಗು ಹೆದರಿಕೊಳ್ಳತ್ತೆ."

"ನಿನ್ನ ದನಿಗಿಂತ ವಾಸಿ ಬಿಡು" ಎಂದು ಜೈಬುನ್ನೀಸಾ ಮೂಲೆಯಿಂದ ಬಿಲ್ಲು ತಂದರು.

ನೆಲಕ್ಕೆ ಕೂತು, ಬಲಗೈಯಲ್ಲಿ ಬಿಲ್ಲು, ಎಡಗೈಯಲ್ಲಿ ಹಸಿರು ಅರಗಿನ ಕಡ್ಡಿ ಹಿಡಿದರು. ಕಾಲಿನ ಹೆಬ್ಬೆರಳು ಕಡ್ಡಿಗೆ ಆಸರೆ. ಬಿಲ್ಲು ಎಳೆದರು, ಮರ ತಿರುಗಿತು, ಹಸಿರು ಹತ್ತಿತು. ತಳ್ಳಿದರು, ಮರ ಹಿಂದಕ್ಕೆ ತಿರುಗಿತು. ಕಡ್ಡಿ ಒತ್ತಿದಂತೆಯೇ ಇತ್ತು.

ನಾನು ಫೋಟೋ ತೆಗೆಯುವುದನ್ನು ಬಿಟ್ಟೆ. "ಅಮ್ಮ, ವಾಪಸ್ ಬರುವಾಗ ಕೈ ಎತ್ತಲ್ವಾ?"

"ಉಳಿ ಹಿಡಿದಾಗ ಎತ್ತಬೇಕು. ಉಳಿ ಹೋಗುವಾಗ ಮಾತ್ರ ಕೆತ್ತೋದು. ಅರಗಿಗೆ ಎತ್ತಿದ್ರೆ ತಣ್ಣಗಾಗಿ ಗಂಟು ಕಟ್ತದೆ. ಹೋಗುವಾಗ್ಲೂ ಒತ್ತು, ಬರುವಾಗ್ಲೂ ಒತ್ತು. ನಮ್ಮ ಅಬ್ಬಾ ಹೇಳಿಕೊಟ್ಟಿದ್ದು ಹಂಗೆ."

"ಎಲ್ಲರೂ ಹಾಗೇನಾ?"

"ಬೇರೆ ಥರ ಮಾಡಿದ್ರೆ ಅರಗು ಕೂರಲ್ಲ ತಾಯಿ."

ಪುಸ್ತಕ ಹೇಳಿದ್ದು ಉಳಿಯ ಬಗ್ಗೆ. ನಾವು ಅದನ್ನು ಅರಗಿಗೂ ಹಚ್ಚಿದ್ದೆವು.

ಇನ್ನೊಂದು ತುಂಡಿಗೆ ಅರಗು ಹಾಕುತ್ತಾ ಏನಾದರೂ ಮಾತಾಡಿ ಎಂದು ಕೇಳಿಕೊಂಡೆ. ಅವರು ಬಿಲ್ಲು ಎಳೆಯುತ್ತಾ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು.

"ಎಷ್ಟು ಸಣ್ಣಗಿದೀಯ. ಊಟ ಮಾಡ್ತೀಯಾ ಇಲ್ವಾ? ಮನೇಲಿ ಯಾರವ್ರೆ? ಯಾರೂ ಕೇಳಲ್ವಾ ನಿನ್ನ?"

"ಅತ್ತೆ ಇದಾರೆ" ಎಂದೆ. ಅದೂ ಅರಗಿಗೆ ಹೋಯಿತು.

ಪ್ರಯೋಗಾಲಯಕ್ಕೆ ಬಂದು ಆ ತುಂಡನ್ನು ಅರಗುಗಿವಿಯ ಬಾಯಿಗೆ ಇಟ್ಟೆ. ಧರಣಿ ನಿಗದಿ ಮಾಡಿದ ಕ್ರಮದಲ್ಲೇ ಓದಿಸಿದೆ. ಜೈಬುನ್ನೀಸಾ ಕನ್ನಡದಲ್ಲಿ ಅರ್ಧ ಮಾತಾಡಿದರು. ಉಳಿದರ್ಧವನ್ನು ಇನ್ನೊಂದು ಹೆಂಗಸು ಯಾರಿಗೂ ತಿಳಿಯದ ನುಡಿಯಲ್ಲಿ ಆಡಿದಳು. ಅಂಗಡಿಯಲ್ಲಿ ಅಂಥ ಹೆಂಗಸು ಇರಲಿಲ್ಲ.

ಆಮೇಲಿನದು ಹತ್ತು ನಿಮಿಷದ ಕೆಲಸ. ಗೆರೆಯಲ್ಲಿ ಅಲ್ಲಲ್ಲಿ ಅರಗು ಚೂರು ದಪ್ಪಗಾಗಿರುತ್ತದೆ. ಕೈ ಎತ್ತಿ ಮತ್ತೆ ಒತ್ತಿದ ಗುರುತು ಎಂದುಕೊಂಡಿದ್ದೆವು. ಅದು ಬಿಲ್ಲು ದಿಕ್ಕು ಬದಲಿಸಿದ ಗುರುತು. ಮರ ವಾಪಸು ತಿರುಗುವಾಗ ಆಡಿದ ಮಾತು ಗೆರೆಯಲ್ಲಿ ಹಿಂದುಮುಂದಾಗಿ ಕೂತಿತ್ತು. ಮಂಚದ ನಾಲ್ಕನೇ ಕಾಲಿನ ಕಡತ ತೆರೆದು, ಒಂದು ಬಿಟ್ಟು ಒಂದು ತುಣುಕನ್ನು ತಿರುವಿ ಜೋಡಿಸಿದೆ. ಗುಂಡಿ ಒತ್ತಿದೆ.

"ಈ ಕಾಲು ಗಿಡ್ಡ ಆಯ್ತು. ಯಾರಿಗೂ ಗೊತ್ತಾಗಲ್ಲ. ಬಿಡು, ಸಾಕು."

ಒಂದೇ ದನಿ. ನಡುವಯಸ್ಸಿನ ಗಂಡಸು, ಸ್ವಲ್ಪ ನೆಗಡಿಯಾಗಿದೆ. ಪೂರ್ತಿ ಕೇಳಿದೆ. ಅಲ್ಲಿ ಅವನ ಜೊತೆ ಯಾರೂ ಇಲ್ಲ. ತಾನೇ ಹೇಳುತ್ತಾನೆ, ತಾನೇ ಹ್ಞೂಂಗುಟ್ಟುತ್ತಾನೆ. ನೀರು ಬೇಕು ಎನ್ನುತ್ತಾನೆ, ಯಾರೂ ತಂದುಕೊಡುವುದಿಲ್ಲ. 'ಉರೀನ್' ಎಂಬ ಪದಕ್ಕೆ ನಾನು ಎರಡೂವರೆ ಪುಟ ಬರೆದಿದ್ದೆ. ಅದು ನೀರು.

ಎದ್ದು ನಾಲ್ಕು ಕಾಲುಗಳನ್ನೂ ಅಳೆದೆ. ಮೂರು ಸಮ. ನಾಲ್ಕನೆಯದು ಆರು ಮಿಲಿಮೀಟರ್ ಗಿಡ್ಡ. ನಾಲ್ಕು ವರ್ಷದಲ್ಲಿ ನಾವು ಅವನ್ನು ಅಳೆದೇ ಇರಲಿಲ್ಲ.

ಹಾಗಾದರೆ ಯಂತ್ರ ಸರಿಯಾಗಿತ್ತು. ತೊಂಬತ್ತು ವರ್ಷದ ಹಿಂದೆ ಒಬ್ಬ ಆಡಿದ ಮಾತನ್ನು ಅದು ಹಿಡಿದಿತ್ತು, ಮಾತು ನಿಜವೆಂಬುದಕ್ಕೆ ಸಾಕ್ಷಿ ಮೇಜಿನ ಮೇಲಿತ್ತು. ನುಡಿ ಮಾತ್ರ ಇರಲಿಲ್ಲ. ಎರಡನೆಯವನೂ ಇರಲಿಲ್ಲ. ಪ್ರಬಂಧದ ಹೆಸರು 'ಒಂದು ಅಜ್ಞಾತ ನುಡಿಯ ಶೋಧ' ಎಂದಿತ್ತು.

ಹೊಂಬಾಳೇಗೌಡರು ಎರಡು ಸಲ ಕೇಳಿದರು. ಮೂರನೇ ಸಲಕ್ಕೆ ಹೆಡ್‌ಫೋನ್ ತೆಗೆದಿಟ್ಟರು.

"ಬೇರೆ ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ ಸರ್."

"ನೋಡಮ್ಮ ಮಂದಾರ. ನಾನು ತಪ್ಪು ಮುಚ್ಚು ಅಂತ ಹೇಳ್ತಿಲ್ಲ. ಶುಕ್ರವಾರ ವೈವಾ. ಮುಗೀಲಿ. ಪದವಿ ಇಬ್ಬರ ಹೆಸರಿಗೂ ಬರಲಿ. ಆರು ತಿಂಗಳು ಬಿಟ್ಟು ನೀನೇ ಒಂದು ಲೇಖನ ಬರಿ, ಹೀಗೆ ಹೀಗೆ, ಮೊದಲಿನದರಲ್ಲಿ ದೋಷ ಇತ್ತು ಅಂತ. ವಿಜ್ಞಾನದಲ್ಲಿ ಇದೆಲ್ಲ ನಡೆಯೋದೇ."

"ಆಗ ಪದವಿ?"

"ಕೊಟ್ಟದ್ದನ್ನ ಯಾರೂ ವಾಪಸ್ ಕೇಳಲ್ಲ. ಶುಕ್ರವಾರವೇ ಬಾಯಿ ಬಿಟ್ಟರೆ ಅವನ ಹೆಸರು ಹೋಗುತ್ತೆ. ಅವನು ಮಾಡಿದ ಯಂತ್ರ, ಅವನ ಹೆಸರೇ ಇರಲ್ಲ. ಅದು ನ್ಯಾಯವಾ?"

"ಅಲ್ಲ ಸರ್."

"ಮತ್ತೆ?"

"ನೋಡ್ತೀನಿ ಸರ್" ಎಂದು ಎದ್ದು ಬಂದೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಗುರುವಾರ ಸಂಜೆ ಅತ್ತೆ ನಾಳೆಗೆ ಉಡುವ ಸೀರೆ ಇಸ್ತ್ರಿ ಮಾಡುತ್ತಿದ್ದರು. ಸಾರ್ವಜನಿಕ ವೈವಾ, ಮನೆಯವರೂ ಬರಬಹುದು. ಅವರಿಗೆ ಹೇಳಿದೆ. ಬಿಲ್ಲು, ಅರಗು, ಹೋಗುವುದು, ಬರುವುದು. ಪಾಠ ಕೇಳುವವರ ಹಾಗೆ ಕೇಳಿದರು. ಅರ್ಥವಾಗದ ಕಡೆ ಪ್ರಶ್ನೆ ಕೇಳಿದರು.

"ಅವನು ಬರೆದದ್ದು ತಪ್ಪಾ?"

"ನಾವಿಬ್ಬರೂ ಬರೆದದ್ದು."

"ನಾಳೆ ಬರೋರಿಗೆ ಗೊತ್ತಾ?"

"ಇಲ್ಲ."

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಪ್ಲಗ್ ತೆಗೆದರು. ಸೀರೆಯನ್ನು ಮಡಿಸಿದರು, ಮತ್ತೆ ಬಿಡಿಸಿದರು.

"ಮೂವತ್ತೆಂಟು ವರ್ಷ ಮಕ್ಕಳ ಪತ್ರಿಕೆ ತಿದ್ದಿದೀನಿ. ತಪ್ಪಿಗೆ ಒಂದು ಅಂಕ ಕೊಟ್ಟೋಳಲ್ಲ. ಧರಣಿ ನನ್ನ ತರಗತೀಲಿದ್ದಾಗ ಅವನಿಗೂ ಕೊಟ್ಟಿಲ್ಲ, ಮನೆಗೆ ಬಂದು ಅಳ್ತಿದ್ದ. ಈಗ ನಾನೇ ಕೇಳ್ತಿದೀನಿ. ಒಂದು ಸಲ ಕೊಟ್ಬಿಡು."

ನಾನು ಇಸ್ತ್ರಿಪೆಟ್ಟಿಗೆಯ ವೈರನ್ನು ಸುತ್ತಿಟ್ಟೆ.

"ಬೇಡಿಕೊಳ್ತಿದೀನಿ ಕಣಮ್ಮ. ಕೇಳಿಸ್ತಾ?"

"ಕೇಳಿಸ್ತು ಅತ್ತೆ."

ಕೊಡುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲ. ಅಳು ಬಂದಿದ್ದರೆ ಏನಾದರೊಂದು ಗೊತ್ತಾಗುತ್ತಿತ್ತೇನೋ. ಊಟ ಮಾಡಿದೆವು. ಹುರುಳಿಕಾಯಿ ಪಲ್ಯ.

ಸಭಾಂಗಣದಲ್ಲಿ ಅರವತ್ತು ಜನ ಇದ್ದರು. ಅತ್ತೆ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಹೊಂಬಾಳೇಗೌಡರು. ವೇದಿಕೆಯ ಮೇಲೆ ಎರಡು ಕುರ್ಚಿ ಹಾಕಿದ್ದರು, ಜೋಡಿ ವೈವಾದ ಪದ್ಧತಿ. ಯಾರೋ ಬಂದು ಒಂದನ್ನು ತೆಗೆಯಲು ಹೋದರು, ಇನ್ನಾರೋ ಬೇಡ ಎಂದು ಸನ್ನೆ ಮಾಡಿದರು. ಅವರು ಅರ್ಧ ಎತ್ತಿದ್ದನ್ನು ಅಲ್ಲೇ ಇಟ್ಟು ಹೋದರು, ಸ್ವಲ್ಪ ಸೊಟ್ಟಗೆ.

ನಲವತ್ತು ನಿಮಿಷ ಯಂತ್ರದ ಬಗ್ಗೆ ಹೇಳಿದೆ. ಅದರಲ್ಲಿ ಬದಲಿಸುವಂಥದ್ದೇನೂ ಇರಲಿಲ್ಲ. ನಂತರ ಹಳೆಯ ಧ್ವನಿಯನ್ನೇ ಕೇಳಿಸಿದೆ, ಇಬ್ಬರದು. 'ಉಕಾಸ್' ಬಂದಾಗ ಹಿಂದಿನ ಸಾಲಿನ ವಿದ್ಯಾರ್ಥಿಗಳು ಜೊತೆಗೇ ಹೇಳಿದರು. ಅವರಿಗೆ ಬಾಯಿಪಾಠವಾಗಿತ್ತು. ಹೊಂಬಾಳೇಗೌಡರು ಕುರ್ಚಿಗೆ ಒರಗಿ ಕೂತರು.

ಹೊರಗಿನ ಪರೀಕ್ಷಕರು ವಯಸ್ಸಾದ ಹೆಂಗಸು. ಕನ್ನಡಕ ತೆಗೆದು ಮೃದುವಾಗಿ ಕೇಳಿದರು. "ಇದು ಪರೀಕ್ಷೆಯ ಪ್ರಶ್ನೆ ಅಲ್ಲ, ನನ್ನ ಕುತೂಹಲ ಅಷ್ಟೆ. ಪ್ರಬಂಧದಲ್ಲಿ ನೀವು ಎಲ್ಲೂ ಊಹೆ ಮಾಡಿಲ್ಲ. ಆ ಎರಡನೆಯವನು ಯಾರು ಅಂತ ನಿಮಗನ್ನಿಸುತ್ತೆ?"

ಇದಕ್ಕೆ ಉತ್ತರ ಸಿದ್ಧಮಾಡಿಕೊಂಡಿರಲಿಲ್ಲ. ಅಲೆಮಾರಿ ವ್ಯಾಪಾರಿ ಇರಬಹುದು ಎಂದರೆ ಮುಗಿಯುತ್ತಿತ್ತು. ಧರಣಿ ಮನೆಯಲ್ಲಿ ಹಾಗೇ ಹೇಳುತ್ತಿದ್ದ.

"ಅವನು ಇಲ್ಲ" ಎಂದೆ.

"ಅಂದರೆ?"

"ಎರಡನೆಯವನು ಇಲ್ಲ ಮೇಡಂ. ಒಬ್ಬನೇ ಇರೋದು."

ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ಹೇಳಬೇಕಾಯಿತು. ಹೇಳಿದೆ. ತಿರುವಿದ ಧ್ವನಿ ಕೇಳಿಸಿದೆ. ಕಾಲು ಗಿಡ್ಡ ಆಯ್ತು ಎಂದಾಗ ಯಾರೋ ನಕ್ಕರು. ಅಳತೆ ತೋರಿಸಿದಾಗ ಇಡೀ ಸಭೆ ನಕ್ಕಿತು, ಆಮೇಲೆ ಒಂದೇ ಸಲಕ್ಕೆ ನಿಂತಿತು. ಪರೀಕ್ಷಕರು ನಗಲಿಲ್ಲ. ಆ ಧ್ವನಿಯನ್ನು ಇನ್ನೊಂದು ಸಲ ಕೇಳಿಸಿ ಎಂದರು. ಇದು ಮೊದಲಿನದಕ್ಕಿಂತ ದೊಡ್ಡ ಫಲಿತಾಂಶ ಎಂದರು. ಆದರೆ ಪ್ರಬಂಧ ಇದಲ್ಲ, ಹೊಸದಾಗಿ ಬರೆದು ತರಬೇಕು ಎಂದರು. ನಿಯಮ ನನಗೆ ಗೊತ್ತಿದೆಯೇ ಎಂದು ಕೇಳಿದರು. ಗೊತ್ತಿದೆ ಎಂದೆ.

ಹೊರಗೆ ಬಂದಾಗ ಅತ್ತೆ ಕಾರಿಡಾರಿನ ಕಿಟಕಿಯ ಹತ್ತಿರ ನಿಂತಿದ್ದರು. ಜನ ನಮ್ಮನ್ನು ಸುತ್ತಿಕೊಂಡು ಹೋದರು.

"ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದರು.

"ಇಲ್ಲ."

"ಅವನಾಗಿದ್ರೂ ಹೀಗೇ ಮಾಡ್ತಿದ್ದ ಅಂತ ಮಾತ್ರ ಹೇಳ್ಬೇಡ."

"ಹೇಳಲ್ಲ ಅತ್ತೆ."

"ಮಾಡ್ತಿರಲಿಲ್ಲ ಅವನು. ಆ ಇಬ್ಬರನ್ನ ಬಿಟ್ಟುಕೊಡ್ತಿರಲಿಲ್ಲ. ನನಗೆ ಗೊತ್ತು ನನ್ನ ಮಗ."

"ಹೂಂ" ಎಂದೆ. ನನಗೂ ಹಾಗೇ ಅನ್ನಿಸಿತ್ತು.

ಸಂಶೋಧನಾ ಕಚೇರಿಯಲ್ಲಿ ಆವತ್ತೇ ಒಂದು ನಮೂನೆ ತುಂಬಿಕೊಡಬೇಕಿತ್ತು. ಅತ್ತೆ ನನ್ನ ಹಿಂದೆಯೇ ಬಂದರು, ನಾನು ಕರೆಯಲಿಲ್ಲ. ಗುಮಾಸ್ತ ಚೆಲುವಯ್ಯ ಇಬ್ಬರಿಗೂ ಕುರ್ಚಿ ತೋರಿಸಿ ಕಾಗದ ಮುಂದಿಟ್ಟರು. ಜೋಡಿಯಿಂದ ಹೆಸರು ತೆಗೆಯುವ ಅರ್ಜಿ. ತೆಗೆಯಬೇಕಾದ ಹೆಸರು ಬರೆದೆ. ರವೊತ್ತು ಸರಿಯಾಗಿದೆಯೋ ಎಂದು ಅತ್ತೆ ಬಗ್ಗಿ ನೋಡಿದರು. ಸರಿಯಾಗಿತ್ತು.

"ಕಾರಣ ಬರೀರಿ ಮೇಡಂ" ಎಂದರು ಚೆಲುವಯ್ಯ.

"ಫಲಿತಾಂಶದಲ್ಲಿ ಬದಲಾವಣೆ ಅಂತ ಬರೀಲಾ?"

"ಅದು ನಿಮ್ಮ ಕಾರಣ. ಇದು ಅವರ ಕಾಲಂ. ವರ್ಗಾವಣೆ, ರಾಜೀನಾಮೆ, ಏನು ಅಂತ..." ಅವರು ಅಲ್ಲಿಗೇ ನಿಲ್ಲಿಸಿ ಮೇಜಿನ ಮೇಲಿದ್ದ ಮೊಹರನ್ನು ಸರಿಸಿ ಇಟ್ಟರು.

ಆಸ್ಪತ್ರೆಯ ಕಾಗದ, ನಗರಸಭೆಯ ಕಾಗದ, ಬ್ಯಾಂಕಿನ ಕಾಗದ, ಎಲ್ಲವನ್ನೂ ಬೇರೆ ಬೇರೆಯವರು ತುಂಬಿದ್ದರು. ಅವರು ತೋರಿಸಿದ ಕಡೆ ನಾನು ಸಹಿ ಹಾಕಿದ್ದೆ.

"ಕೊಡು, ನಾನು ಬರೀತೀನಿ" ಎಂದರು ಅತ್ತೆ.

"ಬೇಡ ಅತ್ತೆ."

ಮರಣ ಎಂದು ಬರೆದೆ. ಪಕ್ಕದ ಚೌಕದಲ್ಲಿ ದಿನಾಂಕ ಬರೆದೆ. ಚೆಲುವಯ್ಯ ಕಾಗದವನ್ನು ತಮ್ಮ ಕಡೆ ತಿರುಗಿಸಿ ಓದಿ, ಮತ್ತೆ ನನ್ನ ಕಡೆಗೇ ತಿರುಗಿಸಿದರು.

"ಇವತ್ತಿನ ತಾರೀಕು ಹಾಕಿದೀರಿ ಮೇಡಂ. ಇಲ್ಲಿ ಅವರು ತೀರಿಕೊಂಡಿದ್ದು ಬರಬೇಕು."

ನೋಡಿದೆ. ಹೌದು, ಇವತ್ತಿನದು. ಅತ್ತೆಯೂ ನೋಡಿದರು. ಈ ಸಲ ಅವರು ಏನೂ ತಿದ್ದಲಿಲ್ಲ.

ಅದನ್ನು ಹೊಡೆದುಹಾಕಿ, ಮೇಲೆ ಆಗಸ್ಟ್ ಹದಿನೇಳು ಎಂದು ಬರೆದೆ. ತಿದ್ದಿದ ಕಡೆ ಒಂದು ಸಣ್ಣ ಸಹಿ ಬೇಕಂತೆ. ಹಾಕಿದೆ.